ಹದಿನೇಳನೇ ನಂಬರಿನ ಟೀಚರ್

ಮೊದಲು ಟೀಚರ್ ಅವರ ಮೊಣಕಾಲಿನ ಸದ್ದು ಕೇಳಿಸುತ್ತಿತ್ತು, ಆಮೇಲೆ ಅವರು ಕಾಣಿಸುತ್ತಿದ್ದರು. ಒಣಗಿದ ಹುಣಸೆಬೀಜಗಳನ್ನು ಮುಷ್ಟಿಯಲ್ಲಿ ಹಿಡಿದು ತಿಕ್ಕಿದಂಥ ಸದ್ದು ಅದು. ಕುರ್ಚಿಯಿಂದ ಏಳುವಾಗ ಮೂರು ಸಲ, ಕೂರುವಾಗ ಎರಡು ಸಲ. ಆರ್.ಎಸ್. ಪುರಂನ ಅವರ ಮನೆಯ ಮಹಡಿ ಕೋಣೆಗೆ ನಾನು ಬಾಡಿಗೆಗೆ ಬಂದ ಮೊದಲ ವಾರವೇ ಇದನ್ನು ದಿನಚರಿಯಲ್ಲಿ ಬರೆದುಕೊಂಡಿದ್ದೆ. ಆ ಮಹಡಿಯನ್ನು ಅವರೇ ಕಟ್ಟಿಸಿದ್ದು. ಆದರೆ ಮೆಟ್ಟಿಲು ಹತ್ತಲಾಗದೆ ಆರು ವರ್ಷಗಳಿಂದ ಅದನ್ನು ನೋಡಿರಲಿಲ್ಲ. ಸಂಜೆ ನಾನು ಕೆಳಗಿಳಿದು ಬಂದರೆ, “ಮೇಲೆ ಜನ್ನಲ್ ಕಂಬಿ ಹತ್ರ ಗೋಡೆ ಬಿರುಕು ಬಿಟ್ಟಿತ್ತಲ್ಲ, ಇನ್ನೂ ಇದೆಯಾ?” ಎಂದು ಕೇಳುತ್ತಿದ್ದರು.

ನಾನು ತುಮಕೂರಿನವಳು. ಎಂಎಸ್ಸಿ ಮುಗಿಸಿ, ಕೊಯಮತ್ತೂರಿನ ಒಂದು ಖಾಸಗಿ ಆಸ್ಪತ್ರೆಯ ಸಂಶೋಧನಾ ವಿಭಾಗಕ್ಕೆ ಸಹಾಯಕಿಯಾಗಿ ಬಂದಿದ್ದೆ. ಸವೆದ ಮೊಣಕಾಲಿಗೆ ಸ್ಟೆಮ್ ಸೆಲ್ ಚಿಕಿತ್ಸೆಯಿಂದ ಉಪಯೋಗ ಉಂಟೇ ಎಂದು ನೋಡುವ ಕೆಲಸ ಅಲ್ಲಿ ನಡೆಯುತ್ತಿತ್ತು. ರೋಗಿಯ ಸೊಂಟದ ಮೂಳೆಯಿಂದ ಒಂದಿಷ್ಟು ಮಜ್ಜೆ ತೆಗೆದು, ಅದರಲ್ಲಿನ ಜೀವಕೋಶಗಳನ್ನು ಬಾಟಲಿಯಲ್ಲಿ ಮೂರು ನಾಲ್ಕು ವಾರ ಬೆಳೆಸಿ, ಅವರದೇ ಮೊಣಕಾಲಿಗೆ ಚುಚ್ಚಬೇಕು. ಬೆಳೆಸುವುದು ನನ್ನ ಪಾಲು. ಮೂರು ದಿನಕ್ಕೊಮ್ಮೆ ಹಳೆಯ ದ್ರವ ತೆಗೆದು ಹೊಸ ಆಹಾರ ಹಾಕುತ್ತಿದ್ದೆ.

ಟೀಚರ್ ಮೂವತ್ತನಾಲ್ಕು ವರ್ಷ ತಮಿಳು ಮಾಧ್ಯಮದಲ್ಲಿ ಗಣಿತ ಕಲಿಸಿದವರು. ಮನೆಮಾತು ಕನ್ನಡ, ಅಕ್ಷರ ಮಾತ್ರ ಬಾರದು. ಜೊತೆಗಿದ್ದ ತಮ್ಮ ಅಂಚೆ ಇಲಾಖೆಯಿಂದ ನಿವೃತ್ತರು. ನಾನು ಮಾಮಾ ಎನ್ನುತ್ತಿದ್ದೆ. ಅವರಿಗೂ ಕನ್ನಡ ಓದಲು ಬಾರದು. ಹಾಗಾಗಿ ಭಾನುವಾರ ಬೆಳಿಗ್ಗೆ ನನ್ನ ದಿನಚರಿಯಲ್ಲಿ ಟೀಚರ್ ಬಗ್ಗೆ ಇರುವುದನ್ನು ಓದಿ ಹೇಳುವುದು ಒಂದು ಪದ್ಧತಿಯಾಯಿತು. ಒಮ್ಮೆ, “ಮೊಣಕಾಲು ನೋಯುತ್ತಿದೆ ಎಂದರು” ಎಂದು ಓದಿದೆ.

“ಯಾರಂದ್ರು? ನಾನು ಮುಟ್ಟಿ ವಲಿ ಅಂದೆ,” ಎಂದು ತಡೆದರು. “ಬೇರೆ ಯಾರ ಬಾಯನ್ನೋ ತಂದು ನನ್ ಮುಖಕ್ಕೆ ಅಂಟಿಸ್ತೀಯಲ್ಲ ಅಮ್ಮಿಣಿ! ಕಾಪಿ ಹೊಡಿಯೋದಾದ್ರೆ ಸರಿಯಾಗಿ ಹೊಡಿ.”

ಅಂದಿನಿಂದ ಅವರ ಮಾತನ್ನು ಅವರು ಆಡಿದಂತೆಯೇ ಬರೆಯತೊಡಗಿದೆ.

ಸಂಶೋಧನೆಗೆ ಅವರಾಗಿಯೇ ಹೆಸರು ಕೊಟ್ಟರು. ನೋವು ಹತ್ತಕ್ಕೆ ಎಷ್ಟು ಎಂದು ಡಾಕ್ಟರು ಕೇಳಿದಾಗ, “ವಲಿಗೂ ಮಾರ್ಕಾ? ಏಳೂವರೆ ಹಾಕಿ. ಅರ್ಧ ಕಟ್ ಮಾಡಿದ್ರೆ ಜಗಳಕ್ಕೆ ಬರ್ತೀನಿ,” ಎಂದರು. ಇದು ಸಂಶೋಧನೆ, ಗುಣವಾಗಿಯೇ ತೀರುತ್ತದೆ ಎಂಬ ಮಾತು ಕೊಡಲಾಗದು ಎಂದು ಡಾಕ್ಟರು ಎರಡು ಸಲ ಹೇಳಿದರು. “ತಿಳೀತು. ನನ್ ಮಹಡಿ ಒಂದ್ಸಲ ನೋಡಿದ್ರೆ ಸಾಕು.”

ಬಾಟಲಿಯ ಮೇಲೆ ಹೆಸರು ಇರುವುದಿಲ್ಲ, ನಂಬರು ಮಾತ್ರ. ಅವರದು ಹದಿನೇಳು. ಕೋಶಗಳ ಆಹಾರದಲ್ಲಿ ಕರುವಿನ ರಕ್ತದಿಂದ ತೆಗೆದ ತಿಳಿ ಇರುತ್ತದೆ ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ.

“ಅಯ್ಯೋ ಪಾವಿ! ನಾನು ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟಿದೋಳಲ್ಲ,” ಎಂದು ಕೂಗಿ, ತಮ್ಮನ ಕಡೆ ತಿರುಗಿದರು. “ಕೇಳ್ದೇನೋ? ಅಲ್ಲಿರೋಳು ನಾನ್‌ವೆಜ್ ಆಗ್ಬಿಟ್ಳು!”

ಮಾಮಾ ನಕ್ಕು ನಕ್ಕು ಕಾಫಿ ಚೆಲ್ಲಿಕೊಂಡರು. ಅಂದಿನಿಂದ ಬಾಟಲಿಗೆ ಅದೇ ಹೆಸರು. ಸಂಜೆ ನಾನು ಗೇಟು ತೆಗೆಯುವಷ್ಟರಲ್ಲಿ ಒಳಗಿನಿಂದ ಪ್ರಶ್ನೆ ಬರುತ್ತಿತ್ತು: “ಅಲ್ಲಿರೋಳು ಊಟ ಮಾಡಿದ್ಲಾ?”

ತಮಾಷೆ ಎಲ್ಲಿ ನಿಂತಿತು ಎಂಬುದೂ ದಿನಚರಿಯಲ್ಲಿದೆ. ಒಂದು ಮಂಗಳವಾರ ಬಸ್ಸು ಸಿಗದೆ, ಆಹಾರ ಹಾಕುವುದು ಎರಡೂವರೆ ಗಂಟೆ ತಡವಾಯಿತು. ಸಂಜೆ ಬಂದರೆ ಮಾಮಾ ಹೇಳಿದರು: “ಇವತ್ತು ಅಕ್ಕನಿಗೆ ಎಂಥ ಹಸಿವು! ತಿಂಡಿ ತಿಂದು ಮತ್ತೆ ಎರಡು ಸಲ ತಿಂದ್ಲು.” ದಿನಚರಿಯಲ್ಲಿ ಬರೆದುಕೊಂಡೆ. ಮುಂದಿನ ವಾರ ಕರೆಂಟು ಹೋಗಿ, ಜನರೇಟರು ಕೈಕೊಟ್ಟು, ಬಾಟಲಿಗಳಿದ್ದ ಬಿಸಿ ಪೆಟ್ಟಿಗೆ ನಲವತ್ತು ನಿಮಿಷ ತಣ್ಣಗಾಗಿತ್ತು. ಅಂದು ಮನೆಗೆ ಬಂದಾಗ ಟೀಚರ್ ಮಾರ್ಚ್ ತಿಂಗಳ ಸೆಖೆಯಲ್ಲಿ ಕಂಬಳಿ ಹೊದ್ದು ಕುಳಿತಿದ್ದರು. ಎಷ್ಟು ಹೊತ್ತಿಗೆ ನಡುಕ ಶುರುವಾಯಿತೆಂದು ಕೇಳಿದೆ. ಹನ್ನೊಂದೂಕಾಲು ಎಂದರು. ಕರೆಂಟು ಹೋದದ್ದು ಹನ್ನೊಂದಕ್ಕೆ.

ಎರಡನ್ನೂ ಅವರಿಗೆ ಓದಿ ಹೇಳಿದೆ. ಅವರು ಹೆದರಲಿಲ್ಲ. “ಎರಡು ಸಲ ಬಂದ್ರೆ ಅದು ಕಣಕ್ಕು ಪಾಠದಲ್ಲಿ ಪ್ರೂಫ್ ಅಲ್ಲ. ಮೂರನೇದು ಬರ್ಲಿ, ನೋಡೋಣ,” ಎಂದರು. ಆದರೆ ಆಮೇಲೆ ಬಹಳ ಹೊತ್ತು ತಮ್ಮ ಅಂಗೈಯನ್ನೇ ನೋಡಿಕೊಂಡು ಕುಳಿತಿದ್ದರು.

ಮೂರನೆಯ ವಾರ, ನೋಡಲೇಬೇಕೆಂದು ಹಟ ಹಿಡಿದು ಆಟೋದಲ್ಲಿ ಬಂದರು. ಡಾಕ್ಟರು ಒಪ್ಪಿದ ಮೇಲೆ ಬಾಟಲಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಉದ್ದುದ್ದನೆಯ ಕೋಶಗಳು, ಒಂದರ ಪಕ್ಕ ಒಂದು ಅಂಟಿಕೊಂಡು, ಎಲ್ಲವೂ ಒಂದೇ ಕಡೆಗೆ ತಿರುಗಿದ್ದವು.

“ಉಕ್ಕಡಂ ಕೆರೇಲಿ ಮೀನು ನಿಲ್ತಾವಲ್ಲ, ಹಂಗೆ,” ಎಂದರು ಕಣ್ಣು ತೆಗೆಯದೆ. ಸ್ವಲ್ಪ ಹೊತ್ತಿನ ಮೇಲೆ ದನಿ ತಗ್ಗಿಸಿ, “ಯಾರೋ ಬರ್ತಾರೆ ಅಂತ ಕಾಯ್ತಾ ಇದಾವೆ ಅಮ್ಮಿಣಿ.”

ಹೊರಗಿನ ಬೆಂಚಿನ ಮೇಲೆ ಕುಳಿತಾಗ ನನ್ನ ಕೈ ಹಿಡಿದರು. ಚುಚ್ಚುವ ಮೊದಲೇ ತಾನು ಸತ್ತರೆ ಇದು ಏನಾಗುತ್ತದೆ ಎಂದು ಕೇಳಿದರು. ನಾವು ಆಹಾರ ಹಾಕುತ್ತಿರುವವರೆಗೂ ಬದುಕಿರುತ್ತದೆ ಎಂದೆ. ಆಗ ಅವರು ನನ್ನಿಂದ ಮಾತು ತೆಗೆದುಕೊಂಡರು: ತಾನು ಹೋದರೆ ಅದನ್ನೂ ಮುಗಿಸಿ ತನ್ನ ಜೊತೆಗೇ ಕಳಿಸಬೇಕು. ಆಡಿದ್ದನ್ನೆಲ್ಲ ಆಡಿದಂತೆಯೇ ಅಂದು ರಾತ್ರಿ ಬರೆದುಕೊಂಡೆ.

ಚುಚ್ಚುವ ದಿನಕ್ಕೆ ಎರಡು ದಿನ ಉಳಿದಿತ್ತು. ಬೆಳಿಗ್ಗೆ ಆರೂ ಹತ್ತಕ್ಕೆ ಪೇಪರು ಓದುತ್ತಿದ್ದಂತೆಯೇ ಟೀಚರ್ ಅವರ ಹೃದಯ ನಿಂತಿತು. ಕುರ್ಚಿಯಿಂದ ಇಳಿಸಿ ಮಲಗಿಸಿದವರಲ್ಲಿ ನಾನೂ ಒಬ್ಬಳು. ಅವರ ಕೈ ಆಗಲೇ ತಣ್ಣಗಿತ್ತು.

ಅಂದು ಬಾಟಲಿಗೆ ಆಹಾರ ಹಾಕುವ ದಿನ. ಮಧ್ಯಾಹ್ನ ಹೋದೆ. ಟೀಚರ್ ಹೇಳಿದ ಮೂರನೆಯದು ಈಗ ಬರುತ್ತದೆ, ಎಲ್ಲ ಸತ್ತಿರುತ್ತವೆ ಎಂದುಕೊಂಡು ಬಿಸಿ ಪೆಟ್ಟಿಗೆಯ ಬಾಗಿಲು ತೆಗೆದು, ಬಾಟಲಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಒಂದೂ ಸತ್ತಿರಲಿಲ್ಲ. ನಾನು ನೋಡುತ್ತಿದ್ದಂತೆ ಒಂದು ಕೋಶ ದುಂಡಗಾಗಿ, ನಡುವೆ ಸಣ್ಣಗಾಗಿ, ಎರಡಾಯಿತು. ಅದಕ್ಕೆ ಸುದ್ದಿ ಮುಟ್ಟಿರಲಿಲ್ಲ. ಹೊಸ ಆಹಾರ ಹಾಕಿದೆ. ನಾಲ್ಕನೆಯ ದಿನ ಚಿತಾಭಸ್ಮಕ್ಕೆ ಮಾಮಾ ಹಾಲು ಎರೆದು ಮೂಳೆ ಆರಿಸಿದರು. ಅದೇ ಮಧ್ಯಾಹ್ನ ನಾನು ಮತ್ತೆ ಬಾಟಲಿಗೆ ಉಣಿಸಿದೆ.

ಉಳಿದ ಕೋಶಗಳನ್ನು ಸಂಶೋಧನೆಗೆ ಬಳಸಬಹುದೆಂದು ಒಪ್ಪಿಗೆ ಪತ್ರದಲ್ಲಿತ್ತು, ಟೀಚರ್ ಸಹಿಯೂ ಇತ್ತು. ಹದಿನೇಳರಷ್ಟು ಚೆನ್ನಾಗಿ ಯಾವುದೂ ಬೆಳೆದಿರಲಿಲ್ಲ. ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿದರೆ ಹತ್ತಾರು ವರ್ಷ ಇರುತ್ತದೆ, ಆದರೂ ಮನೆಯವರನ್ನು ಒಂದು ಮಾತು ಕೇಳು ಎಂದರು ಡಾಕ್ಟರು.

ಮಾಮಾ ಮುಖ ಅರಳಿತು. “ಇರ್ಲಿ ಅಮ್ಮ, ಇರ್ಲಿ! ಈ ಮನೇಲಿ ನಾನೊಬ್ನೇ. ಅಲ್ಲಾದ್ರೂ ಅಕ್ಕ ಇರ್ಲಿ.”

ಟೀಚರ್ ಬೇರೆ ಮಾತು ತೆಗೆದುಕೊಂಡಿದ್ದಾರೆ ಎಂದೆ. ಅವರು ನಂಬಲಿಲ್ಲ. “ನಂಗೆ ಹೇಳ್ದೆ ನಿಂಗೆ ಹೇಳಿದ್ಲಾ? ಚಾನ್ಸೇ ಇಲ್ಲ. ಅಕ್ಕನ ಕೊಲ್ಲೋಕೆ ನನ್ ಹತ್ರ ಪರ್ಮಿಷನ್ ಕೇಳ್ತೀಯಾ?”

ದಿನಚರಿ ತಂದೆ. ಪುಟ ತೋರಿಸಿದೆ. ಆ ಅಕ್ಷರಗಳನ್ನು ನೋಡಿ ಅವರು ನನ್ನ ಮುಖ ನೋಡಿದರು. ಏನು ಬರೆದಿದ್ದರೂ ಅವರಿಗೆ ಅದು ಒಂದೇ. ಹಾಗಾಗಿ ಓದಿದೆ, ಒಂದಕ್ಷರವೂ ತಿದ್ದದೆ:

“ಕೇಳು ಅಮ್ಮಿಣಿ. ಅರ್ಧ ಸುಡುಗಾಡಲ್ಲಿ, ಅರ್ಧ ಬಾಟ್ಲಲ್ಲಿ ಅಂತ ನಂಗೆ ಬೇಡ. ಭಾಗ ಮಾಡಿದ್ರೆ ಮೀದಿ, ಶೇಷ ಏನೂ ಉಳೀಬಾರ್ದು. ನನ್ ತಮ್ಮ ಒಪ್ಪಲ್ಲ, ಅಳ್ತಾನೆ. ಚಿಕ್ಕೋನಿದ್ದಾಗ ಸತ್ತ ಗಿಳೀನ ಮೂರು ದಿನ ಟ್ರಂಕಲ್ಲಿ ಬಚ್ಚಿಟ್ಟೋನು. ನಾನೇ ತೆಗೆದು ಹೂತೆ. ಈ ಸಲ ನೀನು ತೆಗಿ.”

ಮಾಮಾ ಮತ್ತೊಮ್ಮೆ ಓದಿಸಿದರು. “ಗಿಳಿ ವಿಷಯ ನಮ್ಮಿಬ್ರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ,” ಎಂದರು. ಕಣ್ಣು ಒರೆಸಿಕೊಂಡು, “ಅವಳೇ ಪಕ್ಕದಲ್ಲಿ ಕೂತು ಬೈದ ಹಂಗಾಯ್ತು. ಸರಿ. ಮುಗಿಸ್ಬಿಡಮ್ಮ.”

ಡಾಕ್ಟರು ಆಕ್ಷೇಪಿಸಲಿಲ್ಲ. ಒಂಬತ್ತನೆಯ ದಿನ, ಬಾಟಲಿಯ ತಳದಿಂದ ಕೋಶಗಳನ್ನು ಬಿಡಿಸುವ ದ್ರವ ಹಾಕಿ ನೋಡುತ್ತಾ ನಿಂತೆ. ಒಂದೊಂದಾಗಿ ಹಿಡಿತ ಬಿಟ್ಟು, ದುಂಡಗಾಗಿ, ತೇಲತೊಡಗಿದವು. ಎಲ್ಲವನ್ನೂ ಗಾಜಿನ ಶೀಷೆಗೆ ಸುರಿದು ಆಟೋಕ್ಲೇವಿಗೆ ಇಟ್ಟೆ. ಅದು ಉಗಿಯಲ್ಲಿ ಬೇಯಿಸಿ ಎಲ್ಲ ಜೀವವನ್ನೂ ಕೊಲ್ಲುವ ಯಂತ್ರ. ನೂರಾ ಇಪ್ಪತ್ತೊಂದು ಡಿಗ್ರಿ, ಇಪ್ಪತ್ತು ನಿಮಿಷ. ಗುಂಡಿ ಒತ್ತಿದ್ದು ನಾಲ್ಕೂ ಐದಕ್ಕೆ. ಮಾಮಾ ಹೊರಗೆ ಬೆಂಚಿನ ಮೇಲಿದ್ದರು. ಒಳಗೆ ಬರಲಿಲ್ಲ.

ಹತ್ತನೆಯ ದಿನ ಪೇರೂರಿನಲ್ಲಿ, ನೊಯ್ಯಲ್ ನದಿಯ ಮೆಟ್ಟಿಲಲ್ಲಿ, ಅಸ್ಥಿಯ ಜೊತೆ ಆ ಶೀಷೆಯಲ್ಲಿದ್ದುದನ್ನೂ ಮಾಮಾ ಸುರಿದರು. ನೀರು ಪಾದ ಮುಳುಗುವಷ್ಟೇ ಇತ್ತು. ಎಲ್ಲ ಮುಗಿದ ಮೇಲೆ ಪುರೋಹಿತರು ನೋಟ್‌ಬುಕ್ ತೆಗೆದು, ವರ್ಷದ ತಿಥಿಗೆ ಬೇಕು, ಜೀವ ಹೋದ ದಿನ ಯಾವುದು ಎಂದು ಕೇಳಿದರು. ಮಾಮಾ ಬಾಯಿ ತೆರೆದವರು ತಡೆದು, ತಿರುಗಿ ನನ್ನನ್ನು ನೋಡಿದರು. ಲೆಕ್ಕ ಇಟ್ಟವಳು ನಾನೇ ತಾನೆ.

ಮೊದಲನೆಯ ದಿನವನ್ನು, ಹೃದಯ ನಿಂತ ದಿನವನ್ನು ಹೇಳಿದೆ. ಪುರೋಹಿತರು ಬರೆದುಕೊಂಡರು. ಪ್ರತಿ ವರ್ಷ ಮಾಮಾ ಅಂದೇ ತಿಥಿ ಮಾಡುತ್ತಾರೆ.

ಎರಡನೆಯ ಸಾವಿನ ದಿನಕ್ಕೆ ಯಾರೂ ಇಲ್ಲ. ಎಂಟು ದಿನ ತಡವಾಗಿ, ಸಂಜೆ ನಾಲ್ಕೂ ಐದಕ್ಕೆ, ನನ್ನ ಕೈಯಲ್ಲಿ ಹೋದ ಟೀಚರಿಗಾಗಿ ನಾನು ಒಪ್ಪೊತ್ತು ಇರುತ್ತೇನೆ. ಯಾಕೆಂದು ನಾನು ಈಗಿರುವ ಹಾಸ್ಟೆಲಿನಲ್ಲಿ ಕೇಳಿದರೆ, ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡ ದಿನ ಎನ್ನುತ್ತೇನೆ.