ಸವಳಂಗದಲ್ಲಿ ಇಳಿಸಿದ ಬಿಳಿ ಪುಡಿ

ಬಿಳಿಚೋಡಿನ ನಿಂಗರಾಜ್ ಲಾರಿಯ ಸ್ಟೀರಿಂಗ್ ಹಿಡಿದು ಹದಿನಾರು ವರ್ಷವಾಯಿತು. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವನು. ಅಪ್ಪ ಜುಂಜಪ್ಪ ಕುರಿಗಳ ಹಿಂದೆ ಜಗಳೂರು ಸೀಮೆಯನ್ನೆಲ್ಲ ಕಾಲ್ನಡಿಗೆಯಲ್ಲೇ ಸುತ್ತಿದವನು. ಸಮುದ್ರ ನೋಡದೆಯೇ ತೀರಿಕೊಂಡ. ಮಗ ತಿಂಗಳಿಗೆರಡು ಸಲ ಮಂಗಳೂರು ಬಂದರಿಗೆ ಹೋಗಿ, ಪರದೇಶದ ಹಡಗಿನಿಂದ ಇಳಿದ ಬಿಳಿ ಪುಡಿಯ ಚೀಲಗಳನ್ನು ತುಂಬಿಕೊಂಡು, ಪುಣೆಯ ಆಚೆಗಿರುವ ಒಂದು ಅಯಸ್ಕಾಂತದ ಕಾರ್ಖಾನೆಗೆ ಮುಟ್ಟಿಸುತ್ತಾನೆ. ಚೀಲದ ಮೇಲೆ ಸ್ಟ್ರಾನ್ಷಿಯಂ ಕಾರ್ಬೊನೇಟ್ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ.

ಮೊದಲ ವರ್ಷ ಅದು ಏನೆಂದೇ ಅವನಿಗೆ ಗೊತ್ತಿರಲಿಲ್ಲ, ಸುಣ್ಣದ ಪುಡಿ ಅಂದುಕೊಂಡಿದ್ದ. ಒಂದು ದಿನ ಕಾರ್ಖಾನೆಯ ಮ್ಯಾನೇಜರ್ ಸತೀಶ್ ಕುಮಾರ್ ಅವನ ಮಾತು ಕೇಳಿ, "ನೀನು ನಮ್ಮ ಕಡೆಯೋನು ಕಣಯ್ಯ! ನಂದು ಚನ್ನಗಿರಿ" ಎಂದು ಕೈಹಿಡಿದು ಒಳಗೆ ಕರೆದೊಯ್ದರು. ತುಕ್ಕಿನ ಬಣ್ಣದ ಕಬ್ಬಿಣದ ಪುಡಿಗೆ ಈ ಬಿಳಿ ಪುಡಿ ಬೆರೆಸಿ ಸುಡುವುದನ್ನು, ಅರೆಯುವುದನ್ನು, ಅಚ್ಚಿಗೆ ಒತ್ತಿ ಮತ್ತೆ ಸುಡುವುದನ್ನು ತೋರಿಸಿದರು. ಕೊನೆಗೆ ಕಪ್ಪು ಬಳೆಯಂಥ ಒಂದು ಅಯಸ್ಕಾಂತವನ್ನು ಅವನ ಕೈಗಿಟ್ಟರು.

"ನಿನ್ನ ಲಾರಿ ವೈಪರ್ ಮೋಟಾರ್‌ನಾಗೆ ಇದೇ ಐತೆ. ನೀನು ಹಾಡು ಕೇಳೋ ಸ್ಪೀಕರ್‌ನಾಗೂ ಇದೇ. ಇದರ ಕಲ್ಲು ಭೂಮಿ ಮೇಲೆ ನಾಲ್ಕೈದು ದೇಶದಾಗೆ ಬಿಟ್ರೆ ಜಾಸ್ತಿ ಸಿಗಲ್ಲ. ನೀನು ತಂದ್ರೇನೇ ನಮ್ಮ ಕುಲುಮೆ ಉರಿಯೋದು."

ಅಂದಿನಿಂದ ನಿಂಗರಾಜನಿಗೆ ಆ ಚೀಲಗಳ ಮೇಲೆ ಒಂದು ಬಗೆಯ ಮಮತೆ ಹುಟ್ಟಿತು.

ಹೋದ ವರ್ಷದ ಮಳೆಗಾಲದಲ್ಲಿ ಹಡಗು ಬರುವುದೇ ಒಂದೂವರೆ ತಿಂಗಳು ತಡವಾಯಿತು. ಎಲ್ಲೋ ಸಮುದ್ರದ ದಾರಿಯಲ್ಲಿ ಗಲಾಟೆ ಎಂದರು. ಕೊನೆಗೆ ಸರಕು ಇಳಿದ ದಿನ ಸತೀಶ್ ಕುಮಾರ್ ಫೋನ್ ಮಾಡಿ, "ಇನ್ನು ಮೂರೇ ದಿನಕ್ಕೆ ಆಗೋವಷ್ಟು ಪುಡಿ ಐತೆ ನಿಂಗರಾಜ್. ಆಮೇಲೆ ಕುಲುಮೆ ಆರಿಸ್ಬೇಕು. ನೆನೀದಂಗೆ ತಂದುಬಿಡಪ್ಪ" ಎಂದರು. ಮುನ್ನೂರಿಪ್ಪತ್ತು ಚೀಲ ಹೇರಿಕೊಂಡು ಅವನು ಒಬ್ಬನೇ ಹೊರಟ.

ಮರುದಿನ ಇಳಿಹೊತ್ತಿನಲ್ಲಿ ಶಿವಮೊಗ್ಗ ದಾಟಿ ಸವಳಂಗದ ಹತ್ತಿರ ಬಂದಾಗ, ಎದುರಿಗೆ ಬಂದ ಬಸ್ಸಿಗೆ ದಾರಿ ಬಿಡಲು ಲಾರಿಯನ್ನು ಎಡಕ್ಕೆ ಇಳಿಸಿದ. ಹಸಿ ಮಣ್ಣು ಕುಸಿಯಿತು. ಹಿಂದಿನ ಚಕ್ರಗಳು ಚರಂಡಿಗೆ ಜಾರಿ, ಲಾರಿ ಪಕ್ಕದ ಹುಣಸೆಮರಕ್ಕೆ ಒರಗಿ ನಿಂತಿತು. ಚೀಲಗಳಿಗೆ ಹೊದಿಸಿದ್ದ ತಾಡಪಾಲು ಕೊಂಬೆಗೆ ಸಿಕ್ಕಿ ಈ ಕಡೆಯಿಂದ ಆ ಕಡೆವರೆಗೆ ಹರಿದುಹೋಯಿತು. ಅವನಿಗೆ ಗಾಯವೇನೂ ಆಗಲಿಲ್ಲ. ಕೆಳಗಿಳಿದು ಮೇಲೆ ನೋಡಿದರೆ ಪಡುವಣ ಮೋಡ ಕಪ್ಪಾಗಿ ಕವಿಯುತ್ತಿತ್ತು.

ಜನ ಸೇರಿದರು. ರಸ್ತೆಯಂಚಿನ ಮೆಕ್ಕೆಜೋಳದ ಗೋದಾಮಿನ ಯಜಮಾನ ಮುರುಗೇಶಪ್ಪ ಮುಂದೆ ಬಂದು, "ಭಾರ ಇಳಿಸ್ದೆ ಎಳೆದ್ರೆ ಮಗುಚ್ತೈತೆ. ನನ್ನ ಗೋದಾಮು ಅರ್ಧ ಖಾಲಿ ಐತೆ, ಅಲ್ಲಿಗೆ ಸಾಗಿಸಿ" ಎಂದರು. ನಾಲ್ಕು ಜನ ಚೀಲಕ್ಕೆ ಕೈ ಹಾಕಿದ್ದರು. ಅಷ್ಟರಲ್ಲಿ ಹೋಟೆಲಿನ ರೇಣುಕಪ್ರಸಾದ್ ಚೀಲದ ಮೇಲಿನ ಹೆಸರನ್ನು ಮೊಬೈಲಿನಲ್ಲಿ ಹುಡುಕಿ ಓದಿ ಕೂಗಿದ.

"ಮುಟ್ಟಬ್ಯಾಡ್ರಪ್ಪೋ! ಇದು ಅಣುಬಾಂಬಿನ ಧೂಳಂತೆ. ಮೂಳೆಗೆ ಹೋಗಿ ಕೂತ್ಕಂತೈತಂತೆ!"

ಎತ್ತಿದ ಚೀಲವನ್ನು ಅಲ್ಲೇ ಬಿಟ್ಟು ಎಲ್ಲರೂ ಹಿಂದಕ್ಕೆ ಸರಿದರು. ಮುರುಗೇಶಪ್ಪನವರೂ ಗೋದಾಮಿನ ಬಾಗಿಲಿಗೆ ಅಡ್ಡ ನಿಂತರು. ನಿಂಗರಾಜ್ ಅವರ ಮುಂದೆ ಹೋಗಿ ನಿಂತ.

"ಯಜಮಾನ್ರೇ, ಈ ಚೀಲದ ಮೇಲೇ ಎಷ್ಟು ದಿನ ಮಲಗೀನಿ ನಾನು. ನನ್ನ ನೋಡ್ರಿ, ಏನಾಗೈತೆ?" ಎಂದ. ಮುರುಗೇಶಪ್ಪ ಬಾಗಿಲು ಬಿಡಲಿಲ್ಲ. ಮಳೆಯ ಮೊದಲ ಹನಿಗಳು ಬಿದ್ದವು.

ಕ್ಯಾಬಿನ್ನಿಗೆ ಹತ್ತಿ ಸರಕಿನ ಕಾಗದಗಳನ್ನು ತಂದ. ಅವು ಇಂಗ್ಲಿಷಿನಲ್ಲಿದ್ದವು, ಅವನಿಗೆ ಓದಲು ಬಾರದು. ಆಗಲೇ ಶಾಲೆ ಮುಗಿಸಿ ಸ್ಕೂಟಿಯಲ್ಲಿ ಬರುತ್ತಿದ್ದ ವಿಜ್ಞಾನದ ಟೀಚರ್ ಮೇಘಶ್ರೀ ಗುಂಪು ಕಂಡು ನಿಂತರು. ರೇಣುಕಪ್ರಸಾದ್ ಮೊಬೈಲಿನಲ್ಲಿ ಓದಿದ್ದನ್ನು ಅವರಿಗೂ ತೋರಿಸಿದ. ನಿಂಗರಾಜ್ ಓಡಿಹೋಗಿ, "ಅಮ್ಮಾ, ಇದರಾಗೆ ಏನು ಬರ್ದೈತೋ ಅದನ್ನೇ ಓದಿ ಹೇಳ್ರಿ. ಕೆಟ್ಟದ್ದಿದ್ರೂ ಹೇಳ್ರಿ" ಎಂದು ಕಾಗದ ಚಾಚಿದ.

ಆಕೆ ನಿಧಾನವಾಗಿ ಎರಡು ಪುಟ ಓದಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು: "ರೇಣುಕಪ್ರಸಾದ್ ಓದಿದ್ದು ಸುಳ್ಳಲ್ಲ. ಆದ್ರೆ ಅದು ಬೇರೆ. ಹೆಸರು ಒಂದೇ. ಬಾಂಬಿನಿಂದ ಹುಟ್ಟೋದು ವಿಕಿರಣ ಇರೋದು. ಇದು ನೆಲದಾಗಿನ ಕಲ್ಲಿಂದ ತೆಗೆದದ್ದು, ವಿಕಿರಣ ಇಲ್ಲ. ಧೂಳು ಯಾವುದಾದ್ರೂ ಧೂಳೇ, ಮೂಗಿಗೆ ಬಟ್ಟೆ ಕಟ್ಕಳ್ರಿ, ಆಮೇಲೆ ಕೈ ತೊಳ್ಕಳ್ರಿ. ಅಷ್ಟೇ." ಹೇಳಿದವರೇ ದುಪಟ್ಟಾವನ್ನು ಮೂಗಿಗೆ ಕಟ್ಟಿಕೊಂಡು ಬಿದ್ದಿದ್ದ ಚೀಲದ ಒಂದು ತುದಿ ಹಿಡಿದರು. ಇನ್ನೊಂದು ತುದಿಯನ್ನು ನಿಂಗರಾಜ್ ಹಿಡಿದ.

ಮುರುಗೇಶಪ್ಪ ಬಾಗಿಲು ಬಿಟ್ಟು ಸರಿದರು. ರೇಣುಕಪ್ರಸಾದ್ ಮುಖ ತಗ್ಗಿಸಿ ಬಂದು ಹೆಗಲು ಕೊಟ್ಟ. ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರು. ಕೆಲಸ ಬಿಟ್ಟು ಮನೆಗೆ ಹೊರಟಿದ್ದ ಕೂಲಿಯ ಹೆಂಗಸರೂ ಸೆರಗು ಬಿಗಿದು ಸಾಲಿಗೆ ಸೇರಿದರು. ಜೋರು ಮಳೆ ಹಿಡಿಯುವ ಹೊತ್ತಿಗೆ ಲಾರಿಯಲ್ಲಿ ಉಳಿದದ್ದು ಮೂರೇ ಚೀಲ. ಅವು ಮಾತ್ರ ನೆನೆದವು.

ಆ ರಾತ್ರಿ ಗೋದಾಮಿನ ಜಗಲಿಯಲ್ಲಿ ಕೂತು ಮುರುಗೇಶಪ್ಪನವರ ಮನೆಯ ರೊಟ್ಟಿ ತಿನ್ನುವಾಗ ನಿಂಗರಾಜನ ಕಣ್ಣು ತುಂಬಿತು. ಅದನ್ನು ಮರೆಮಾಚಲು ಸುತ್ತ ನೋಡಿದ. ಮೂಲೆಯಲ್ಲಿ ದನದ ಹಿಂಡಿ ಮಾಡುವ ಯಂತ್ರವಿತ್ತು. "ಜೋಳದ ಜೊತೆ ಮೊಳೆ, ತಂತಿ ಬರ್ತಾವೆ ಕಣಪ್ಪ. ಎಷ್ಟು ಆರಿಸಿದ್ರೂ ಒಂದೊಂದು ಉಳೀತೈತೆ. ಒಬ್ರ ಎಮ್ಮೆ ತಂತಿ ನುಂಗಿ ಸತ್ತೇಹೋಯ್ತು" ಎಂದು ಮುರುಗೇಶಪ್ಪ ನೊಂದು ಹೇಳಿದರು.

ಬೆಳಿಗ್ಗೆ ಎರಡು ಟ್ರ್ಯಾಕ್ಟರ್ ಸೇರಿ ಲಾರಿ ಎಳೆದವು. ಅದೇ ಸಾಲು ಮತ್ತೆ ನಿಂತು ಚೀಲಗಳನ್ನು ಲಾರಿಗೆ ಹೇರಿತು; ಹರಿದ ತಾಡಪಾಲಿನ ಬದಲು ಗೋದಾಮಿನದೊಂದನ್ನು ಹೊದಿಸಿದರು. ಕುಲುಮೆ ಆರುವ ಮೊದಲೇ ಸರಕು ಮುಟ್ಟಿತು. ಸತೀಶ್ ಕುಮಾರ್ ಅವನ ಬೆನ್ನು ತಟ್ಟಿ, "ನಿನಗೇನು ಮಾಡ್ಲಿ ಹೇಳಪ್ಪ" ಎಂದಾಗ ಅವನು ಕೇಳಿದ್ದು ಒಂದೇ: ಹಿಂಡಿ ಯಂತ್ರದ ಬಾಯಿಗೆ ಕೂರಿಸುವಂಥ ಒಂದು ಅಯಸ್ಕಾಂತದ ಪಟ್ಟಿ.

ಮುಂದಿನ ತಿಂಗಳು ಅವನು ಪಟ್ಟಿ ಹಿಡಿದು ಸವಳಂಗಕ್ಕೆ ಹೊರಟಾಗ ಅವ್ವ ತಿಪ್ಪಮ್ಮ, "ನಾನೂ ಬರ್ತೀನಿ ಕಣೋ" ಎಂದು ಹಟ ಹಿಡಿದಳು. ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ, ನ್ಯಾಮತಿ ದಾಟಿ ಇಬ್ಬರೂ ಬಂದಿಳಿದರು. ಯಂತ್ರಕ್ಕೆ ಪಟ್ಟಿ ಕೂರಿಸಿ ಒಂದು ಮೂಟೆ ಜೋಳ ಸುರಿದರು. ಎರಡು ಮೊಳೆ, ಗೇಣುದ್ದದ ತಂತಿ ಟಪ್ಪನೆ ಹೋಗಿ ಅಂಟಿಕೊಂಡವು. ಮುರುಗೇಶಪ್ಪ ತಂತಿಯನ್ನು ಬಿಡಿಸಿ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

ತಿಪ್ಪಮ್ಮ ಚೀಲದಿಂದ ಹೊಸ ಕರಿ ಕಂಬಳಿ ತೆಗೆದಳು. "ನಮ್ಮ ಕುರಿ ಉಣ್ಣೇದು, ಯಜಮಾನ್ರೇ. ನನ್ನ ಮಗ ಮಳ್ಯಾಗೆ ನಿಂತಾಗ ನೀವು ಬಾಗ್ಲು ತೆಗ್ದ್ರಿ."

"ಮೊದ್ಲು ಅಡ್ಡ ನಿಂತಿದ್ದೆ ಕಣಮ್ಮ" ಎಂದರು ಮುರುಗೇಶಪ್ಪ, ತುಸು ನಾಚಿ.

"ಅದನ್ನೂ ಹೇಳ್ಯಾನೆ. ಹೆದ್ರಿಕೆ ಯಾರಿಗಿಲ್ಲ? ಆಮೇಲೆ ತೆಗ್ದ್ರಲ್ಲ" ಎನ್ನುತ್ತ ಆಕೆ ಕಂಬಳಿಯನ್ನು ಅವರ ಹೆಗಲಿಗೆ ಹೊದಿಸಿ, ಆ ಟೀಚರಮ್ಮನ ಮನೆ ಎಲ್ಲಿ ಎಂದು ವಿಚಾರಿಸಿದಳು.