ಮುತ್ತ್ಯಾನ ಊರಿಗೆ ಹೋದ ಅರ್ಜಿ

ಒಳಬರುವ ಪತ್ರಗಳನ್ನು ನೋಡಿಕೊಳ್ಳುವ ನಮ್ಮ ಆವಕದ ಗುಮಾಸ್ತರ ಬಲಗೈ ಹೆಬ್ಬೆರಳು ಸದಾ ನೇರಳೆ ಬಣ್ಣದ್ದು. ಕಚೇರಿಗೆ ಬಂದ ಕಾಗದಗಳಿಗೆಲ್ಲ ತಾರೀಖಿನ ಮೊಹರು ಒತ್ತಿ ಒತ್ತಿ ಆ ಬಣ್ಣ ಉಗುರಿನ ಸಂದಿಗೂ ಇಳಿದುಬಿಟ್ಟಿತ್ತು. ಎಲ್ಲವೂ ಇಮೇಲ್‌ನಲ್ಲಿ ಬರತೊಡಗಿದ ಮೇಲೂ ಅವರು ಬಿಡಲಿಲ್ಲ. ಮುಖ್ಯವಾದ ಮೇಲ್‌ಗಳ ಪ್ರಿಂಟ್ ತೆಗೆಸಿ ಅವಕ್ಕೂ ಒತ್ತುತ್ತಿದ್ದರು. ಕಚೇರಿಯ ಮೌಸ್ ಮೇಲೂ ನೇರಳೆ ಗುರುತು. ನಾನು ದಿನಾ ಒರೆಸುತ್ತಿದ್ದೆ, ಅವರು ದಿನಾ ಮೂಡಿಸುತ್ತಿದ್ದರು.

ಅದು ಬೆಟಗೇರಿಯ ಒಂದು ಶಿಕ್ಷಣ ಸಂಸ್ಥೆಯ ಕಚೇರಿ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಮುಳಗುಂದ, ಇಷ್ಟೂ ಊರಿನ ಶಾಲೆಗಳ ಪತ್ರಗಳು ಒಂದೇ ವಿಳಾಸಕ್ಕೆ ಬಂದು ಬೀಳುತ್ತಿದ್ದವು. ನಾನು ಕಂಪ್ಯೂಟರ್ ಆಪರೇಟರ್ ಆಗಿ ಸೇರಿದಾಗ ಓದದ ಮೇಲ್‌ಗಳು ಸಾವಿರಗಟ್ಟಲೆ ಇದ್ದವು. ಗುಮಾಸ್ತರು ಅವನ್ನು ಒಂದೊಂದಾಗಿ, ಅದೂ ಕೆಳಗಿನಿಂದ ಓದುತ್ತಿದ್ದರು. ಮೊದಲು ಹೆಸರು, ಆಮೇಲೆ ವಿಷಯ. “ಯಾರ್ ಬರದಾರ ಅಂತ ತಿಳೀಲಿಲ್ಲಂದ್ರ, ಏನ್ ಬರದಾರ ಅನ್ನೂದು ಹೆಂಗ ತಿಳೀತೈತಿ ತಂಗಿ?” ಎನ್ನುತ್ತಿದ್ದರು. ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು.

ಒಂದು ವಾರ ಕೂತು ಊರಿಗೊಂದು ಫೋಲ್ಡರ್ ಮಾಡಿದೆ. ಮೇಲ್‌ನಲ್ಲಿ ಯಾವ ಊರಿನ ಹೆಸರಿದೆಯೋ ಆ ಫೋಲ್ಡರಿಗೆ ಅದು ತಾನಾಗಿಯೇ ಹೋಗುವಂತೆ ಫಿಲ್ಟರ್ ಹಾಕಿದೆ. ಇನ್‌ಬಾಕ್ಸ್ ಖಾಲಿಯಾಯಿತು. ಗುಮಾಸ್ತರು ಅದಕ್ಕೆ ಜರಡಿ ಎಂದು ಹೆಸರಿಟ್ಟು, ಪಕ್ಕದ ಕೋಣೆಯವರನ್ನೆಲ್ಲ ಕರೆದು ತೋರಿಸಿದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮುಳಗುಂದದ್ದು ಚಿಕ್ಕ ಶಾಲೆ, ಮೇಲ್ ಬರುವುದೇ ಅಪರೂಪ. ಆ ಫೋಲ್ಡರ್ ಶನಿವಾರ ತೆರೆದರೆ ಸಾಕು ಎಂದು ನಾನೇ ತೀರ್ಮಾನಿಸಿದೆ.

ಜೂನ್ ತಿಂಗಳ ಒಂದು ಗುರುವಾರ ಶಿರಹಟ್ಟಿಯಿಂದ ಒಬ್ಬ ತಾಯಿಯ ಫೋನ್ ಬಂತು. ಗದಗಿನ ನಮ್ಮ ಹಾಸ್ಟೆಲಿನಲ್ಲಿ ಮಗಳಿಗೆ ಸೀಟು ಕೇಳಿ ಸೋಮವಾರವೇ ಮೇಲ್ ಹಾಕಿದ್ದರಂತೆ. ಪಟ್ಟಿ ಅಂದು ಐದಕ್ಕೆ ಮುಗಿಯುವುದಿತ್ತು. ಶಿರಹಟ್ಟಿ ಫೋಲ್ಡರ್ ನೋಡಿ, ಬಂದಿಲ್ಲ ಎಂದೆ.

“ಸೀಟ ಸಿಗಲಿಲ್ಲಂದ್ರ ಹುಡುಗಿ ಸಾಲಿ ಬಿಡಬೇಕಾಕ್ಕೈತ್ರಿ,” ಎಂದರು ಆಕೆ. ಆಮೇಲೆ ದನಿ ತಗ್ಗಿಸಿ, “ಮೊದಲನೇ ಸಲ ಹಾಕೀನ್ರಿ. ನಾನ ತಪ್ಪ ಹಾಕಿರಬೇಕು.”

“ಹಂಗ ಇರಬೇಕ್ರಿ,” ಎಂದು ಫೋನಿಟ್ಟೆ.

ಗುಮಾಸ್ತರು ಕೇಳಿಸಿಕೊಂಡಿದ್ದರು. “ಆಕಿ ಅಡ್ಡಹೆಸರ ಏನು?”

“ಮುಳಗುಂದ ಅಂತ್ರಿ.”

ಅವರು ಚಹಾದ ಕಪ್ಪು ಕೆಳಗಿಟ್ಟರು. “ಮುಳಗುಂದದಾಗ ಇದ್ದವರಿಗೆ ಯಾರ್ ಮುಳಗುಂದ ಅಂತಾರ ತಂಗಿ? ಊರ ಬಿಟ್ಟ ಬಂದವರಿಗೇ ಆ ಹೆಸರ ಬೀಳೂದು. ನಿನ್ನ ಜರಡಿ ಆಕಿ ಅರ್ಜೀನ ಅವರ ಅಜ್ಜ-ಮುತ್ತ್ಯಾನ ಊರಿಗೆ ಕಳಿಸೈತಿ ನೋಡು.”

ಮುಳಗುಂದದ ಫೋಲ್ಡರ್ ತೆರೆದೆ. ಸೋಮವಾರದ ಮೇಲ್ ಅಲ್ಲೇ ಇತ್ತು. ಶಿರಹಟ್ಟಿ ಎಂದಾಗಲಿ ಗದಗ ಎಂದಾಗಲಿ ಆಕೆ ಎಲ್ಲೂ ಬರೆದಿರಲಿಲ್ಲ. ಕೆಳಗೆ ಹೆಸರು, ಅಡ್ಡಹೆಸರು, ಅಷ್ಟೇ. ಪಟ್ಟಿಗೆ ಹುಡುಗಿಯ ಹೆಸರು ಸೇರಿಸುವಾಗ ನಾಲ್ಕೂವರೆ. ಇನ್ನೂ ಸೀಟಿತ್ತು, ನಮ್ಮ ಪುಣ್ಯ.

ಸರ್ವರ್ ಕೆಟ್ಟಿತ್ತೆಂದು ಹೇಳಿದರಾಯಿತು ಎಂದುಕೊಂಡು ಫೋನ್ ಕೈಗೆತ್ತಿಕೊಂಡೆ. ಗುಮಾಸ್ತರಿಗೆ ನನ್ನ ಮುಖ ನೋಡಿಯೇ ತಿಳಿದಿರಬೇಕು.

“ಸರ್ವರ್ ಪರ್ವರ್ ಅನಬ್ಯಾಡ. ಸೋಮವಾರನ ಬಂದಿತ್ತು, ನಾ ನೋಡಿದ್ದಿಲ್ಲ ಅನ್ನು. ಇಲ್ಲಂದ್ರ ಆಕಿ ತನಗ ಬರೂದಿಲ್ಲ ಅಂತನ ತಿಳಕೊಂಡ ಕುಂಡ್ರತಾಳ.”

ಸೀಟು ಸಿಕ್ಕಿದ್ದನ್ನು ತಿಳಿಸಿ, ಹಾಗೆಯೇ ಹೇಳಿದೆ. ಬೈಗುಳಕ್ಕೆ ಕಾಯುತ್ತಾ ನಿಂತಿದ್ದೆ.

“ಹಂಗಾರ ನನಗ ಮೇಲ್ ಹಾಕಾಕ ಬರತೈತಿ ಅಂದಂಗಾತು,” ಎಂದು ಆಕೆ ನಕ್ಕರು.

ಮರುದಿನ ಫಿಲ್ಟರ್‌ಗಳನ್ನೆಲ್ಲ ಅಳಿಸಿ, ಊರಿನ ಹೆಸರಿನ ಬದಲು ಆಯಾ ಶಾಲೆಯ ಇಮೇಲ್ ವಿಳಾಸ ಹಾಕಿ ಹೊಸದಾಗಿ ಮಾಡಿದೆ. ಮಂದಿಯ ಮೇಲ್‌ಗಳು ಇನ್‌ಬಾಕ್ಸಿಗೇ ಬರಲಿ ಎಂದು ಬಿಟ್ಟೆ. ಕೆಲಸ ಒಂದು ತಾಸು ಹೆಚ್ಚಾಯಿತು. ಆ ಹಳೆಯ ಜರಡಿಯ ಬಗ್ಗೆ ಗುಮಾಸ್ತರು ನನ್ನನ್ನು ತಮ್ಮ ನಿವೃತ್ತಿಯವರೆಗೂ ಕಾಡಿಸಿದರು, ಆದರೆ ಮೇಲಿನವರ ಮುಂದೆ ಒಂದು ದಿನವೂ ಎತ್ತಲಿಲ್ಲ.

ಅವರು ತೀರಿಕೊಂಡು ಎರಡು ವರ್ಷವಾಯಿತು. ಆವಕದ ಮೇಜು ಈಗ ನನ್ನದು. ಈಗಲೂ ವಾರಕ್ಕೊಮ್ಮೆಯಾದರೂ ಯಾರೋ ಅಳುಕುತ್ತಾ ಫೋನ್ ಮಾಡಿ, ನಾನ ತಪ್ಪ ಮಾಡಿರಬೇಕ್ರಿ, ಅನ್ನುತ್ತಾರೆ.

“ತಡೀರಿ,” ಎನ್ನುತ್ತೇನೆ. “ಮೊದಲ ನನ್ನ ಕಡೆ ನೋಡ್ತೀನಿ.”