ಲಂಡನ್ನಿನಿಂದ ಕರಾಚಿಗೆ ಎಷ್ಟು ನೂಲು

ಆ ಜಗತ್ತಿನ ನಕಾಶೆ ನೆನಪಾದರೆ ನನಗೆ ಇಂದಿಗೂ ವಾಕರಿಕೆ ಬರುತ್ತದೆ. ಸಿದ್ದಾಪುರದ ಶಾಲೆಯಲ್ಲಿ ಮಾಸ್ತರನಾಗಿದ್ದ ನಾನೇ ಅದನ್ನು ಗೋಡೆಯಿಂದ ಇಳಿಸಿ, ಸುತ್ತಿ, ಹೆಗಲ ಮೇಲೆ ಹೊತ್ತು ಮನೆಗೆ ತಂದಿದ್ದೆ.

ಮುಂಬಯಿಯಲ್ಲಿ ಡಾಕ್ಟರಾಗಿದ್ದ ನನ್ನಣ್ಣ, ಕಾಯಿಲೆಯ ಶೇಠರೊಬ್ಬರನ್ನು ನೋಡಿಕೊಳ್ಳಲು ಅವರೊಂದಿಗೆ ವಿಮಾನದಲ್ಲಿ ಲಂಡನ್ನಿಗೆ ಹೋಗಿದ್ದ. ಆಯಿ ಹಾಸಿಗೆ ಹಿಡಿದಿದ್ದಾಳೆಂದು ನಾನು ತಂತಿ ಕೊಟ್ಟೆ. ಹಡಗಿನಲ್ಲಿ ಬಂದರೆ ತಾಯಿಯ ಮುಖ ಕಾಣಲಿಕ್ಕಿಲ್ಲ ಎಂದು ಶೇಠರು ಮತ್ತೆ ವಿಮಾನವನ್ನೇ ಹತ್ತಿಸಿದರಂತೆ. ಆಗ ವಿಮಾನದಲ್ಲೂ ಕರಾಚಿಗೆ ಏಳು ದಿನ. ಅಲ್ಲಿಂದ ಮುಂಬಯಿ, ಹುಬ್ಬಳ್ಳಿ, ಯಲ್ಲಾಪುರ, ಶಿರಸಿ ಎಂದು ರೈಲು, ಬಸ್ಸು ಬದಲಿಸುತ್ತ ಬಂದವನನ್ನು ದೊಡ್ಡಪ್ಪ ಜಗಲಿಯಲ್ಲೇ ತಡೆದ.

"ಒಳಗೆ ಬರಡ. ಸಮುದ್ರ ದಾಟಿದವ ನೀನು."

"ಹಡಗು ಹತ್ತಿದ್ದೇ ಇಲ್ಲೆ ದೊಡ್ಡಪ್ಪ. ಹೋಗಿದ್ದೂ ಬಂದಿದ್ದೂ ಆಕಾಶದಾಗೆ ಹಾರಿ."

ಅಷ್ಟೇ ಸಾಕಾಯಿತು. ನಾಲ್ವರು ಹಿರಿಯರು ಬಂದು ಕೂತರು. ಸಮುದ್ರದ ಮೇಲಿನ ಆಕಾಶವೂ ಸಮುದ್ರವೇ ಹೌದೋ ಅಲ್ಲವೋ? ನೆಲದ ಮೇಲೆ ಹಾರಿದ್ದು ಹೆಚ್ಚಾದರೆ ಸಣ್ಣ ಪ್ರಾಯಶ್ಚಿತ್ತ, ನೀರಿನ ಮೇಲೆ ಹೆಚ್ಚಾದರೆ ದೊಡ್ಡದು. ಜನಿವಾರಕ್ಕೆಂದು ತೆಗೆದ ನೂಲಿನಿಂದ ಅವರು ನಕಾಶೆ ಅಳೆಯತೊಡಗಿದರು. ಒಂದು ತುದಿ ಹಿಡಿದವನು ನಾನು. ಎಲೆಯಡಿಕೆ ತುಂಬಿದ ಬಾಯಲ್ಲಿ ಮಾತಾಡಿ ಮಾತಾಡಿ ಅರಬಸ್ಥಾನದ ಮೇಲೆಲ್ಲ ಕೆಂಪು ಎಂಜಲು ಸಿಡಿಸಿದರು. ಥೂ!

ಸುಳ್ಳು ಹೇಳಲು ಬಾರದ ಅಣ್ಣ, ನಡುವೆ ಒಂದು ಕಡೆ ವಿಮಾನ ನೀರಿನ ಮೇಲೇ ಇಳಿಯುತ್ತದೆ ಎಂದುಬಿಟ್ಟ.

"ನೀರಿನ ಮೇಲೆ ಕೂತ್ಕತ್ತಾ? ಹಂಗಾದ್ರೆ ಎಲ್ಲ ಮತ್ತೆ ಅಳೀರೋ!" ಎಂದ ದೊಡ್ಡಪ್ಪ.

ಹೀಗೆ ಮೂರು ದಿನ. ಬೆಳಿಗ್ಗೆ ಎದ್ದ ಕೂಡಲೇ ದೊಡ್ಡಪ್ಪ ಅದೇ ಅಣ್ಣನ ಮುಂದೆ ಕೈ ಚಾಚಿ ನಾಡಿ ತೋರಿಸುತ್ತಿದ್ದ, ಲಂಡನ್ನಿನ ಗುಳಿಗೆ ನುಂಗುತ್ತಿದ್ದ. ಒಳಗಿನ ಆಯಿಯ ನಾಡಿಯನ್ನು ಮಾತ್ರ ಅಣ್ಣ ಮುಟ್ಟುವಂತಿರಲಿಲ್ಲ. ಅವಳಿಗೆ ಉಸಿರು ಹೇಗಿದೆ, ಕಾಲು ಬಾತಿದೆಯೇ ಎಂದು ನಾನು ನೋಡಿ ಬಂದು ಹೇಳಬೇಕು, ಅವನು ಜಗಲಿಯಲ್ಲಿ ಗೋಡೆಯಾಚೆ ಕೂತು ಔಷಧ ಹೇಳಬೇಕು. ನನಗೂ ಎದುರು ನಿಲ್ಲುವ ಧೈರ್ಯವಿರಲಿಲ್ಲ. ಅವರಿಗಿಂತ ನನ್ನ ಮೇಲೇ ನನಗೆ ಹೆಚ್ಚು ಹೇಸಿಗೆ.

"ಅವನ ಕೈಯಿಂದ ಒಂದು ಗುಟುಕು ನೀರು ಕುಡಿತೆ," ಎನ್ನುತ್ತಿದ್ದಳು ಆಯಿ. "ಮತ್ತೆಂತದೂ ಬ್ಯಾಡ ಎಂಗೆ."

ಮೂರನೆಯ ಮಧ್ಯಾಹ್ನ ತೀರ್ಮಾನವಾಯಿತು. ನೆಲವೇ ಹೆಚ್ಚು, ಸಣ್ಣ ಪ್ರಾಯಶ್ಚಿತ್ತ ಸಾಕು, ನಾಳೆ ಬೆಳಿಗ್ಗೆ ಮಾಡಿ ಒಳಗೆ ಕರೆದುಕೊಳ್ಳಿ ಎಂದು ಹಿರಿಯರು ಊಟಕ್ಕೆ ಎದ್ದರು. ಅಷ್ಟರಲ್ಲಿ ಆಯಿಗೆ ಉಬ್ಬಸ ಏರಿತು. ನಾನು ಓಡಿಹೋಗಿ ಅವಳ ತುಟಿಗೆ ಚಮಚೆಯಲ್ಲಿ ನೀರು ಹಿಡಿದೆ. ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಹಲ್ಲು ಕಚ್ಚಿ ಬಾಯಿ ಮುಚ್ಚಿಕೊಂಡಳು. ನೀರು ಕೆನ್ನೆಯ ಮೇಲೆ ಹರಿದು ದಿಂಬಿಗೆ ಇಳಿಯಿತು.

ಅವಳ ಉಸಿರು ನಿಂತು ಎಲ್ಲ ಮುಗಿದ ಮೇಲೆ ಗೋಡೆಯಾಚೆಯಿಂದ ಅಣ್ಣ ಕೇಳಿದ, "ತಮಾ, ಆಯಿ ನೀರು ಕುಡತ್ತಾ?"

"ಕುಡತ್ತು," ಅಂದೆ.